ಟೊಮೆಟೊ ಪುಡಿ ತಂದೆ, ಸಾರು ಕೆಟ್ಟಿತು. ಇದನ್ನು ಬಳಸುವುದು ಹೇಗೆ?

ತಿಂಡಿಪೋತಿ, ಬೆಂಗಳೂರು · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹೋದ ವಾರ ಒಂದು ಸಂತೆಯಲ್ಲಿ ಟೊಮೆಟೊ ಪುಡಿ ಕಂಡಿತು. ಬಣ್ಣಕ್ಕೆ ಮರುಳಾಗಿ 100 ಗ್ರಾಂನ ಎರಡು ಪೊಟ್ಟಣ ತಂದೆ. ಮನೆಯಲ್ಲಿ ಹಣ್ಣು ಖಾಲಿಯಾದ ದಿನ ಕೈ ಹಿಡಿಯುತ್ತದೆ ಅಂದುಕೊಂಡಿದ್ದೆ.

ನಿನ್ನೆ ಆ ದಿನ ಬಂತು. ತೊಗರಿಬೇಳೆ ಬೇಯಿಸಿ, ಕಟ್ಟು ತೆಗೆದು, ಸಾರಿನ ಪುಡಿ, ಉಪ್ಪು, ಚೂರು ಬೆಲ್ಲ ಎಲ್ಲ ಹಾಕಿದೆ. ಕುದಿಯುವಾಗ ಮೂರು ಚಮಚ ಟೊಮೆಟೊ ಪುಡಿ ಸುರಿದೆ. ಮೊದಲು ಗಂಟು ಗಂಟಾಯಿತು. ಸೌಟಿನಲ್ಲಿ ಒತ್ತಿ ಒತ್ತಿ ಕರಗಿಸಿದೆ. ಆಮೇಲೆ ಸಾರು ಮಂದವಾಯಿತು. ರುಚಿ ಪೊಟ್ಟಣದ ಸೂಪಿನ ಹಾಗೆ, ಸಿಹಿ ಸಿಹಿ. ನಮ್ಮತ್ತೆ ಒಂದು ತುತ್ತು ಕಲಸಿಕೊಂಡು, "ಇದು ಸಾರೋ, ಸಾಸೋ?" ಅಂದರು. ಮಗ ಮಾತ್ರ ಲೋಟದಲ್ಲಿ ಹಾಕಿಸಿಕೊಂಡು ಕುಡಿದ. ಅವನನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ, ಅವನು ಸಾಸನ್ನೇ ಬೆರಳಲ್ಲಿ ನೆಕ್ಕುವವನು.

ಒಂದು ಟೊಮೆಟೊ ಬದಲಿಗೆ ಎಷ್ಟು ಪುಡಿ? ಯಾವಾಗ ಹಾಕಬೇಕು? ಹಣ್ಣು ಅಗ್ಗವಾದಾಗ ಮನೆಯಲ್ಲೇ ಮಾಡಿಟ್ಟುಕೊಳ್ಳಬಹುದಾ? ಇನ್ನೂ ಒಂದೂವರೆ ಪೊಟ್ಟಣಕ್ಕಿಂತ ಜಾಸ್ತಿ ಉಳಿದಿದೆ, ಎಸೆಯಲು ಮನಸ್ಸಿಲ್ಲ.

ಒಗ್ಗರಣೆ ಡಬ್ಬಿ, ಮೈಸೂರು · ಸೋಮವಾರ ರಾತ್ರಿ 10:15

ಮೂರು ಚಮಚವಾ! ನಾಲ್ಕು ಜನರ ಸಾರಿಗೆ? ಅಯ್ಯೋ ತಾಯಿ.

ನಾನು ನಾಲ್ಕು ವರ್ಷದಿಂದ ಬಳಸುತ್ತಿದ್ದೇನೆ. ತಿಳಿಸಾರಿಗೆ ನನ್ನ ಲೆಕ್ಕ ಒಂದು ಟೀ ಚಮಚ, ಅಷ್ಟೇ. ಅದನ್ನೂ ನೇರವಾಗಿ ಕುದಿಯುವ ನೀರಿಗೆ ಹಾಕುವುದಿಲ್ಲ. ಸಣ್ಣ ಬಟ್ಟಲಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ ಕಲಸಿ, ಐದು ನಿಮಿಷ ಹಾಗೇ ಬಿಡುತ್ತೇನೆ. ನುಣ್ಣಗಾಗುತ್ತದೆ. ಹುಳಿಗೆ ಹುಣಸೆಹಣ್ಣೇ ಇರಲಿ. ಅದರ ಹಸಿವಾಸನೆ ಹೋದ ಮೇಲೆ ಈ ಕಲಸಿದ್ದನ್ನು ಹಾಕಿ ಎರಡು ಕುದಿ ಬರಿಸಿ. ಬೆಲ್ಲ ಬೇಡ. ಪುಡಿಯಲ್ಲೇ ಸಿಹಿ ಇದೆ, ನೀವು ಅದರ ಮೇಲೆ ಬೆಲ್ಲವನ್ನೂ ಹಾಕಿದ್ದೀರಿ. ಸಾಸ್ ಆಗದೆ ಇನ್ನೇನಾಗುತ್ತದೆ?

ಕೊನೆಗೆ ತುಪ್ಪದ ಒಗ್ಗರಣೆಗೆ ಇಂಗು, ಕರಿಬೇವು ಧಾರಾಳವಾಗಿ ಹಾಕಿ. ಪುಡಿಯಲ್ಲಿ ಇಲ್ಲದ ಹಸಿ ಘಮ ಅಲ್ಲಿಂದ, ಮತ್ತೆ ಕೊತ್ತಂಬರಿ ಸೊಪ್ಪಿನಿಂದ ಬರಬೇಕು.

ಪುಡಿಶಾಸ್ತ್ರಿ, ಮೈಸೂರು · ಸೋಮವಾರ ರಾತ್ರಿ 11:02

ಅಕ್ಕ ಹೇಳಿದ್ದಕ್ಕೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ. ಓದಿದ್ದು ಆಹಾರ ತಂತ್ರಜ್ಞಾನ, ಹಾಗಾಗಿ ಸುಮ್ನೆ ಕೂರಲು ಆಗುವುದಿಲ್ಲ.

ಟೊಮೆಟೊದಲ್ಲಿ ಶೇಕಡಾ 94-95 ನೀರು. ಒಂದು ಕಿಲೋ ಹಣ್ಣು ಪೂರ್ತಿ ಒಣಗಿದರೆ ಸಿಗುವುದು ಸುಮಾರು 60 ಗ್ರಾಂ ಪುಡಿ. ಊಟದ ದೊಡ್ಡ ಚಮಚದಲ್ಲಿ ಏಳೆಂಟು ಗ್ರಾಂ ಹಿಡಿಯುತ್ತದೆ. ಅಂದರೆ ಒಂದು ದೊಡ್ಡ ಚಮಚ ಪುಡಿ ಎರಡು ಸಣ್ಣ ಹಣ್ಣಿಗೆ ಸಮ. ನೀವು ಹಾಕಿದ್ದು ದೊಡ್ಡ ಚಮಚವಾಗಿದ್ದರೆ ಆರು ಹಣ್ಣು ಸುರಿದ ಹಾಗಾಯಿತು.

ಇನ್ನೊಂದು ವಿಷಯ. ಒಣಗಿಸುವಾಗ ಎಲ್ಲವೂ ಒಂದೇ ಸಮ ಹೋಗುವುದಿಲ್ಲ. ಹುಳಿ ಕೊಡುವ ಸಿಟ್ರಿಕ್ ಆಮ್ಲ ಆವಿಯಾಗುವುದಿಲ್ಲ, ಉಳಿಯುತ್ತದೆ. ಸಕ್ಕರೆ ಉಳಿಯುತ್ತದೆ. ನಾಲಿಗೆಗೆ ರುಚಿ ತುಂಬುವ ಗ್ಲುಟಮೇಟ್ ಉಳಿಯುತ್ತದೆ. ಹೆಚ್ಚಿದ ಟೊಮೆಟೊದಿಂದ ಬರುವ ಆ ಹಸಿ ವಾಸನೆ ಮಾತ್ರ ಹಾರಿಹೋಗುತ್ತದೆ. ಅದರ ಜಾಗದಲ್ಲಿ ಬೆಂದ ಹಣ್ಣಿನ ವಾಸನೆ ಬಂದು ಕೂರುತ್ತದೆ. ಪೊಟ್ಟಣದ ಸೂಪಿನ ಹಾಗಾಯಿತು ಅಂದಿರಲ್ಲ, ನಿಮ್ಮ ಮೂಗು ಸರಿಯಾಗೇ ಹೇಳಿದೆ. ಆ ಸೂಪಿನಲ್ಲಿ ಇರುವುದೂ ಇದೇ ಪುಡಿ.

ಪೊಟ್ಟಣದ ಹಿಂದೆ ಒಮ್ಮೆ ಓದಿ. ಕಾರ್ಖಾನೆಯ ಪುಡಿ ಸಾಮಾನ್ಯವಾಗಿ ರಸವನ್ನು ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸಿದ್ದು. ಟೊಮೆಟೊ ರಸ ಹಾಗೇ ಒಣಗಲು ಒಪ್ಪುವುದಿಲ್ಲ, ಯಂತ್ರದ ಗೋಡೆಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಪಿಷ್ಟದಿಂದ ಮಾಡಿದ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪುಡಿ ಬೆರೆಸುತ್ತಾರೆ. ಕೆಲವರು ಮೆಕ್ಕೆಜೋಳದ ಪಿಷ್ಟ ಹಾಕುತ್ತಾರೆ. ನಿಮ್ಮ ಸಾರು ಮಂದವಾಗಿದ್ದಕ್ಕೆ ಪಿಷ್ಟವೂ ಕಾರಣ ಇರಬಹುದು.

ತಿಂಡಿಪೋತಿ · ಮಂಗಳವಾರ ಬೆಳಗ್ಗೆ 7:20

ನೋಡಿದೆ ಸರ್. ಟೊಮೆಟೊ, ಮಾಲ್ಟೋಡೆಕ್ಸ್‌ಟ್ರಿನ್, ಮೆಕ್ಕೆಜೋಳದ ಪಿಷ್ಟ, 551. ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ಈ 551 ಏನು? ಮತ್ತೆ ಹೌದು, ದೊಡ್ಡ ಚಮಚವೇ. ನಾಚಿಕೆಯಾಗುತ್ತಿದೆ.

ಪುಡಿಶಾಸ್ತ್ರಿ · ಮಂಗಳವಾರ ಬೆಳಗ್ಗೆ 7:45

ಸಿಲಿಕಾನ್ ಡೈಆಕ್ಸೈಡ್. ಪುಡಿ ಗಂಟು ಕಟ್ಟದಿರಲಿ ಅಂತ ಹಾಕುವುದು. ಪುಡಿ ಉಪ್ಪಿನಲ್ಲೂ ಇಂಥದ್ದೇನಾದರೂ ಇರುತ್ತದೆ. ಹೆದರಬೇಡಿ.

ಹುಣಸೆಪಕ್ಷ, ತುಮಕೂರು · ಮಂಗಳವಾರ ಬೆಳಗ್ಗೆ 8:30

ನನಗೊಂದು ಅರ್ಥವಾಗುವುದಿಲ್ಲ. ತುಮಕೂರಿನವನು ನಾನು, ನಮ್ಮಲ್ಲಿ ಹುಣಸೆಗೆ ಬರವೇ? ಡಬ್ಬದಲ್ಲಿ ಒತ್ತಿಟ್ಟರೆ ವರ್ಷಗಟ್ಟಲೆ ಇರುತ್ತದೆ. ಟೊಮೆಟೊ ದಕ್ಷಿಣ ಅಮೆರಿಕದ ಗಿಡ, ನಮ್ಮ ಊರಿಗೆ ನಿನ್ನೆ ಮೊನ್ನೆ ಬಂದದ್ದು. ನಮ್ಮಜ್ಜಿ ಶ್ರಾದ್ಧದ ಅಡುಗೆಗೆ ಅದನ್ನು ಇವತ್ತಿಗೂ ಸೇರಿಸುವುದಿಲ್ಲ. ಅಜ್ಜಿ ಮಾಡುವ ಆ ದಿನದ ಸಾರಿನ ಮುಂದೆ ಯಾವ ಟೊಮೆಟೊ ಸಾರೂ ನಿಲ್ಲುವುದಿಲ್ಲ. ಹಣ್ಣಿಲ್ಲದ ದಿನ ಹುಣಸೆ ಸಾರು ಮಾಡಿ. ಅದಕ್ಕೆ ಪುಡಿ ಯಾಕೆ?

ಒಗ್ಗರಣೆ ಡಬ್ಬಿ · ಮಂಗಳವಾರ ಬೆಳಗ್ಗೆ 9:10

ಹುಣಸೆಪಕ್ಷದವರೇ, ಸಾರಿನ ವಿಷಯದಲ್ಲಿ ನಾನು ನಿಮ್ಮ ಕಡೆಗೇ. ಟೊಮೆಟೊ ಇಲ್ಲ ಅಂತ ಅದರ ಪುಡಿ ಹಾಕಿ ಟೊಮೆಟೊ ಸಾರು ಮಾಡಹೊರಟರೆ ಯಾವಾಗಲೂ ನಿರಾಸೆಯೇ. ಆದರೆ ಹುಣಸೆ ಕೊಡುವುದು ಹುಳಿ ಒಂದನ್ನೇ. ಈ ಪುಡಿ ನಾಲಿಗೆ ತುಂಬುವ ಹಾಗೆ ಇನ್ನೇನೋ ಕೊಡುತ್ತದೆ. ಬೇಳೆ ಇಲ್ಲದ ಮೆಣಸಿನ ಸಾರಿಗೆ ಅರ್ಧ ಟೀ ಚಮಚ ಹಾಕಿ ನೋಡಿ, ಆಮೇಲೆ ಜಗಳಕ್ಕೆ ಬನ್ನಿ.

ನಾನು ಇದನ್ನು ತರಕಾರಿ ಅಂತ ನೋಡುವುದೇ ಇಲ್ಲ. ನನ್ನ ಅಡುಗೆಮನೆಯಲ್ಲಿ ಇದು ಧನಿಯಾ ಪುಡಿ, ಇಂಗಿನ ಡಬ್ಬಿಯ ಪಕ್ಕದಲ್ಲಿದೆ.

ಪುಡಿಶಾಸ್ತ್ರಿ · ಮಂಗಳವಾರ ಬೆಳಗ್ಗೆ 9:25

ಆ "ಇನ್ನೇನೋ" ಅಂದರೆ ಗ್ಲುಟಮೇಟ್. 1908ರಲ್ಲಿ ಜಪಾನಿನ ಕಿಕುನೆ ಇಕೆಡ ಎಂಬ ರಸಾಯನಶಾಸ್ತ್ರಜ್ಞ ಕಡಲಕಳೆಯ ಸಾರಿನಲ್ಲಿ ಇದನ್ನು ಗುರುತಿಸಿ, ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟ. ಮಾಗಿದ ಟೊಮೆಟೊದಲ್ಲಿ ಅದು ತಾನಾಗೇ ಇರುತ್ತದೆ. ನೀರು ಹೋದಾಗ ಗಟ್ಟಿಯಾಗುತ್ತದೆ. ಹುಣಸೆಯಲ್ಲಿ ಹುಳಿ ಟೊಮೆಟೊಗಿಂತ ಎಷ್ಟೋ ಪಾಲು ಜಾಸ್ತಿ, ಆದರೆ ಈ ರುಚಿಗೆ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಎರಡನ್ನೂ ಒಟ್ಟಿಗೆ ಹಾಕಿದರೆ ಚೆನ್ನ ಅಂತ ಅಕ್ಕ ಹೇಳುವುದು ಅದಕ್ಕೇ.

ಮುಳಬಾಗಿಲು ತೋಟ, ಕೋಲಾರ ಜಿಲ್ಲೆ · ಮಂಗಳವಾರ ಮಧ್ಯಾಹ್ನ 1:50

ನಾನು ಬೆಳೆಯುವವನು. ಅಡುಗೆ ನಮ್ಮ ಮನೆಯವರದ್ದು, ನಾನು ಹಣ್ಣಿನ ಕಡೆಯಿಂದ ಮಾತಾಡುತ್ತೇನೆ.

2023ರ ಜುಲೈ ನೆನಪಿದೆಯಾ? ಕೋಲಾರ ಮಂಡಿಯಲ್ಲಿ 15 ಕಿಲೋ ಬಾಕ್ಸ್ 2000 ರೂಪಾಯಿ ದಾಟಿತ್ತು. ತೋಟಕ್ಕೆ ರಾತ್ರಿ ಕಾವಲು ಹಾಕಿದವರಿದ್ದರು. ಅದೇ ಬಾಕ್ಸ್ ನನ್ನ ಕೈಗೆ 60 ರೂಪಾಯಿ ಕೊಟ್ಟ ದಿನವೂ ಇದೆ. ಕಿಲೋಗೆ 4 ರೂಪಾಯಿ. ಕೀಳುವ ಕೂಲಿ, ಬಾಡಿಗೆ, ಕಮಿಷನ್ ಕಳೆದರೆ ಕೈಯಿಂದಲೇ ಹಾಕಬೇಕು. ಅಂಥ ದಿನ ಹಣ್ಣು ಗಿಡದಲ್ಲೇ ಬಿಟ್ಟು ಕುರಿ ಮೇಯಿಸಿದ್ದೇವೆ. ರಸ್ತೆಗೆ ಸುರಿಯುತ್ತಾರೆ ಅಂತ ಪೇಟೆಯವರು ಬೈಯುತ್ತಾರಲ್ಲ, ಸುರಿಯುವುದು ಸಿಟ್ಟಿಗಲ್ಲ. ಮಂಡಿಯಿಂದ ವಾಪಸ್ ತರಲೂ ಬಾಡಿಗೆ ಕೊಡಬೇಕು, ಅದಕ್ಕೆ.

ಅಂಥ ಒಂದು ವರ್ಷ ನಾವು ಮಾಳಿಗೆಯ ಮೇಲೆ ಒಣಗಿಸಲು ಶುರು ಮಾಡಿದೆವು. ಮಾರ್ಚ್-ಏಪ್ರಿಲ್ ಬಿಸಿಲಿಗೆ ಮೂರು ದಿನ, ಕೆಲವೊಮ್ಮೆ ನಾಲ್ಕು. ಸಂಜೆ ಒಳಗೆ ತರಬೇಕು, ಇಲ್ಲದಿದ್ದರೆ ಇಬ್ಬನಿಯಲ್ಲಿ ಮತ್ತೆ ಮೆತ್ತಗಾಗುತ್ತದೆ. ಮೇಲೆ ತೆಳು ಬಟ್ಟೆ. ಆದರೂ ಧೂಳು ಬರುತ್ತದೆ, ಬಣ್ಣ ಇಟ್ಟಿಗೆಯ ಹಾಗೆ ಮಂಕಾಗುತ್ತದೆ. ಈಗ ಮೇಲೆ ಪಾಲಿಕಾರ್ಬೊನೇಟ್ ಹಾಳೆ ಹೊದಿಸಿದ ಸೋಲಾರ್ ಡ್ರೈಯರ್ ಇದೆ. ಅದರಲ್ಲಿ ಬಣ್ಣ ನಿಲ್ಲುತ್ತದೆ.

ಒಂದು ಕಿಲೋ ಪುಡಿಗೆ 17-18 ಕಿಲೋ ಹಣ್ಣು ಬೇಕು. ಕೊಳೆತದ್ದು ಆಯ್ದು, ತೊಟ್ಟಿನ ಕಡೆ ಕತ್ತರಿಸಿ ತೆಗೆದರೆ 20 ಅಂತಲೇ ಇಟ್ಟುಕೊಳ್ಳಿ. ಹಣ್ಣು 10 ರೂಪಾಯಿ ಇದ್ದಾಗ ಇದು ಗಿಟ್ಟುತ್ತದೆ. 40 ಆದಾಗ ಪುಡಿ ಮಾಡುವವನು ಹುಚ್ಚ.

ತಿಂಡಿಪೋತಿ · ಮಂಗಳವಾರ ಮಧ್ಯಾಹ್ನ 2:30

ಅಣ್ಣ, ಯಾವ ಹಣ್ಣು ಒಳ್ಳೆಯದು? ನಾಟಿಯೋ, ಹೈಬ್ರಿಡ್ಡೋ?

ಮುಳಬಾಗಿಲು ತೋಟ · ಮಂಗಳವಾರ ಸಂಜೆ 6:10

ಸಾರಿಗೆ ನಾಟಿ, ಪುಡಿಗೆ ಹೈಬ್ರಿಡ್. ನಾಟಿಯಲ್ಲಿ ರಸ ಜಾಸ್ತಿ, ತಿರುಳು ಕಡಿಮೆ. ಒಣಗಿದರೆ ಸಿಪ್ಪೆ, ಬೀಜ ಬಿಟ್ಟು ಏನೂ ಉಳಿಯುವುದಿಲ್ಲ. ಉದ್ದುದ್ದ ಇರುವ, ಗಟ್ಟಿ ತಿರುಳಿನ ಹಣ್ಣು ತಗೊಳ್ಳಿ. ಆದರೆ ಗಿಡದಲ್ಲೇ ಪೂರ್ತಿ ಕೆಂಪಾಗಿರಬೇಕು. ನಾವು ದೂರದ ಲಾರಿಗೆ ಹಾಕುವುದು ಅರೆ ಬಣ್ಣದ ಹಣ್ಣು. ಅದು ದಾರಿಯಲ್ಲಿ ಕೆಂಪಾಗುತ್ತದೆ, ರುಚಿ ಅಷ್ಟಕ್ಕಷ್ಟೇ. ಮಂಡಿಯಲ್ಲಿ ಮೆತ್ತಗಾಗಿದೆ ಅಂತ ಬದಿಗೆ ಹಾಕಿದ ಹಣ್ಣೇ ಪುಡಿಗೆ ಚೆನ್ನಾಗಿರುತ್ತದೆ. ಅಗ್ಗ ಕೂಡ.

ಕಡಲಬದಿ, ಕುಂದಾಪುರ · ಮಂಗಳವಾರ ರಾತ್ರಿ 8:00

ನನ್ನ ಕಥೆ ಕೇಳಿ, ನೀವು ಯಾರೂ ಹೀಗೆ ಮಾಡಬೇಡಿ.

ಹೋದ ವರ್ಷ ಮೇ ಕೊನೆಯಲ್ಲಿ ಐದು ಕಿಲೋ ಹೆಚ್ಚಿ ಅಂಗಳದಲ್ಲಿ ಹರಡಿದೆ. ಎರಡು ದಿನ ಬಿಸಿಲು, ಮೂರನೇ ದಿನ ಮೋಡ. ನಮ್ಮ ಕಡೆ ಗಾಳಿಯಲ್ಲೇ ನೀರು, ಬಿಸಿಲಿದ್ದರೂ ಹಪ್ಪಳ ಬೇಗ ಒಣಗುವುದಿಲ್ಲ. ಚೂರುಗಳು ಒಣದ್ರಾಕ್ಷಿಯ ಹಾಗೆ ಬಾಗುತ್ತಿದ್ದವು. ಇಷ್ಟು ಸಾಕು ಅಂತ ಮಿಕ್ಸಿಗೆ ಹಾಕಿದೆ. ಪುಡಿಯಾಗಲಿಲ್ಲ, ಹುಣಸೆಹಣ್ಣಿನ ಹಾಗೆ ಮುದ್ದೆಯಾಯಿತು. ಆ ಮುದ್ದೆಯನ್ನೇ ಡಬ್ಬಕ್ಕೆ ತುಂಬಿದೆ. ಜೂನ್ ಹತ್ತಕ್ಕೆ ತೆರೆದರೆ ಬಿಳಿ ಬೂಷ್ಟು. ಮೇಲಿನದ್ದು ಕೆರೆದು ಉಳಿದದ್ದು ಬಳಸಲು ಹೊರಟಿದ್ದೆ, ಮಗಳು ಡಬ್ಬವನ್ನೇ ಕಿತ್ತುಕೊಂಡು ಎಸೆದಳು.

ಐದು ಕಿಲೋ ಹಣ್ಣು, ಮೂರು ದಿನದ ಕೆಲಸ, ಕಾಗೆ ಓಡಿಸಿದ್ದು ಬೇರೆ.

ಪುಡಿಶಾಸ್ತ್ರಿ · ಮಂಗಳವಾರ ರಾತ್ರಿ 9:15

ಮಗಳು ಮಾಡಿದ್ದೇ ಸರಿ ಅಕ್ಕ. ಬೂಷ್ಟಿನ ಬೇರು ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಹೋಗಿರುತ್ತದೆ. ಕೆರೆದು ತಿನ್ನುವ ಹಾಗಿಲ್ಲ.

ಬಾಗಿದರೆ ಆಗಿಲ್ಲ, ಮುರಿದರೆ ಆಯಿತು. ಚೂರನ್ನು ತೆಗೆದು, ಪೂರ್ತಿ ಆರಲು ಬಿಟ್ಟು, ಆಮೇಲೆ ಮುರಿದು ನೋಡಬೇಕು. ಬಿಸಿ ಇರುವಾಗ ಒಣಗಿದ್ದೂ ಬಾಗುತ್ತದೆ, ಅಲ್ಲೇ ಮೋಸ ಹೋಗುವುದು. ಹಪ್ಪಳ ಮುರಿದ ಹಾಗೆ ಚಟ್ ಅನ್ನಬೇಕು.

ಕರಾವಳಿ, ಮಲೆನಾಡಿನಲ್ಲಿ ಬಿಸಿಲನ್ನು ನಂಬಬೇಡಿ, ವಿದ್ಯುತ್ ಡ್ರೈಯರ್ ಬೇಕು. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಿ, 60 ಡಿಗ್ರಿಯಲ್ಲಿ ಹತ್ತು ಹನ್ನೆರಡು ಗಂಟೆ. ಅವಸರಕ್ಕೆ 80 ಮಾಡಿದರೆ ಹೊರಗೆ ಚರ್ಮ ಕಟ್ಟಿ ಒಳಗೆ ನೀರು ಉಳಿಯುತ್ತದೆ, ಬಣ್ಣವೂ ಕಂದಾಗುತ್ತದೆ. 500 ವಾಟ್ ಯಂತ್ರ ಹತ್ತು ಗಂಟೆ ನಡೆದರೆ 5 ಯೂನಿಟ್. ಗೃಹಜ್ಯೋತಿಯ ಲೆಕ್ಕದಲ್ಲಿ ಇರುವವರು ತಿಂಗಳ ಯೂನಿಟ್ ನೋಡಿಕೊಂಡು ಮಾಡಿ!

ಬೀಜದ ಲೋಳೆ ತೆಗೆದರೆ ಬೇಗ ಒಣಗುತ್ತದೆ. ಆದರೆ ಹುಳಿ, ಗ್ಲುಟಮೇಟ್ ಎರಡೂ ಅಲ್ಲೇ ಜಾಸ್ತಿ. ತೆಗೆದರೆ ಎಸೆಯಬೇಡಿ, ಅವತ್ತಿನ ಸಾರಿಗೆ ಹಾಕಿ.

ಪುಡಿ ಮಾಡುವಾಗ ಮಿಕ್ಸಿ ಬಿಸಿಯಾಗಬಾರದು. ಬಿಸಿಯಾದರೆ ಸಕ್ಕರೆ ಅಂಟು ಬಿಟ್ಟು ಬ್ಲೇಡಿಗೆ ಹಿಡಿಯುತ್ತದೆ. ಐದು ಸೆಕೆಂಡ್ ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ. ಒಣಗಿದ ಚೂರನ್ನು ಗಾಳಿಯಾಡದ ಡಬ್ಬದಲ್ಲಿ ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು ತೆಗೆದು, ಕೂಡಲೇ ತಿರುಗಿಸಿದರೆ ಇನ್ನೂ ಸುಲಭ.

ಬೆಳಗಾವಿ ಶೇಂಗಾ, ಬೆಳಗಾವಿ · ಬುಧವಾರ ಬೆಳಗ್ಗೆ 10:20

ಏನ್ರೀ, ಎರಡು ದಿನದಿಂದ ಬರೀ ಸಾರಿನ ಮಾತು. ಪುಡಿ ಅಂದ ಮೇಲೆ ಪುಡಿಯಾಗಿ ತಿನ್ನಬೇಕಲ್ಲ!

ನಮ್ಮ ಮನೆಯ ಶೇಂಗಾ ಚಟ್ನಿಪುಡಿಗೆ ನಾನು ಇದನ್ನು ಹಾಕುತ್ತೇನೆ. ಒಂದು ಬಟ್ಟಲು ಶೇಂಗಾ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆಯಿರಿ. ಆರೇಳು ಎಸಳು ಬೆಳ್ಳುಳ್ಳಿ ಸಿಪ್ಪೆಸಹಿತ, ಒಂದು ಚಮಚ ಜೀರಿಗೆ, ಎರಡು ಚಮಚ ಬ್ಯಾಡಗಿ ಖಾರಪುಡಿ, ಉಪ್ಪು. ಮಿಕ್ಸಿಗಿಂತ ಕುಟ್ಟುವುದು ಮೇಲು. ಶೇಂಗಾದ ಎಣ್ಣೆ ಸ್ವಲ್ಪ ಬಿಡಬೇಕು. ಕೊನೆಗೆ ಒಂದು ದೊಡ್ಡ ಚಮಚ ಟೊಮೆಟೊ ಪುಡಿ ಹಾಕಿ ಕೈಯಲ್ಲಿ ಕಲಸಿ. ಕುಟ್ಟಬೇಡಿ, ಮುದ್ದೆ ಕಟ್ಟುತ್ತದೆ. ಬಿಸಿ ಜೋಳದ ರೊಟ್ಟಿ, ಮೇಲೆ ಮೊಸರು ಅಥವಾ ಎಣ್ಣೆ. ಭಾಳ ಚಲೋ ಆಗುತ್ತದೆ.

ಮತ್ತೆ ಚುರುಮುರಿ. ಹಸಿ ಟೊಮೆಟೊ ಹೆಚ್ಚಿ ಹಾಕಿದರೆ ಐದು ನಿಮಿಷಕ್ಕೆ ಮೆತ್ತಗಾಗುತ್ತದೆ. ಪುಡಿ ಉದುರಿಸಿದರೆ ಸಂಜೆವರೆಗೂ ಗರಿಗರಿ. ಮಗಳ ಶಾಲೆಯ ಡಬ್ಬಿಗೆ ಹೀಗೇ ಕಟ್ಟುವುದು.

ಹಿಮದೂರು, ಮಿನೆಸೋಟ · ಬುಧವಾರ ಬೆಳಗ್ಗೆ 11:05

ನಮಗೆ ಇಲ್ಲಿ ಚಳಿಗಾಲದಲ್ಲಿ ಸಿಗುವ ಟೊಮೆಟೊ ನೋಡಲು ಮಾತ್ರ ಚಂದ. ಆಗಸ್ಟಿನಲ್ಲಿ ಹಿತ್ತಿಲ ಹಣ್ಣು ಒಟ್ಟಿಗೆ ಬರುತ್ತದೆ, ಒಣಗಿಸಿಡುತ್ತೇನೆ. ಓವನ್ ಉಪಯೋಗಿಸುವವರಿಗೆ ಒಂದು ಮಾತು. ಇಲ್ಲಿನ ಓವನ್‌ಗಳ ತೀರಾ ಕಡಿಮೆ ಬಿಸಿಯೇ 75-77 ಡಿಗ್ರಿ. ಬಾಗಿಲ ಸಂದಿಗೆ ಮರದ ಸೌಟು ಸಿಕ್ಕಿಸಿ ಸ್ವಲ್ಪ ತೆರೆದಿಡಬೇಕು. ಬಿಸಿ ಇಳಿಯುತ್ತದೆ, ಹಬೆಯೂ ಹೊರಗೆ ಹೋಗುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮಾತ್ರ ಈ ಉಪಾಯ ಬೇಡ.

ನಾನು ಮಾಡಿದ ತಪ್ಪು ಬೇರೆ. ಧನಿಯಾ ಪುಡಿಯ ಹಾಗೆ ಇದನ್ನೂ ಕಾದ ಎಣ್ಣೆಗೆ ನೇರವಾಗಿ ಹಾಕಿದೆ. ಎಣಿಸಿ ಐದು ಸೆಕೆಂಡ್, ಕಪ್ಪಾಯಿತು. ಕಹಿ. ಇದರಲ್ಲಿರುವುದು ಸಕ್ಕರೆ ತಾನೇ, ಸೀದುಹೋಗದೆ ಇರುತ್ತದಾ. ಈಗ ಮಾಡುವುದು ಹೀಗೆ: ಈರುಳ್ಳಿ ಬಾಡಿ ನೀರು ಬಿಡುವಾಗ ಉರಿ ಪೂರ್ತಿ ಇಳಿಸಿ, ಪುಡಿ ಹಾಕಿ, ಎರಡು ಸಲ ಕೈಯಾಡಿಸಿ, ಕೂಡಲೇ ಅರ್ಧ ಬಟ್ಟಲು ನೀರು. ಎಣ್ಣೆ ಕೆಂಪಗೆ ಮೇಲೆ ತೇಲುತ್ತದೆ. ಟೊಮೆಟೊದ ಕೆಂಪು ಎಣ್ಣೆಯಲ್ಲೇ ಕರಗುವುದು, ನೀರಲ್ಲಲ್ಲ. ಹಾಗಾಗಿ ಎಣ್ಣೆ ಮುಟ್ಟಿಸದೆ ಬಿಟ್ಟರೆ ಬಣ್ಣ ಮಂಕು.

ಚಾರಣಕ್ಕೆ ಹೋಗುವವರಿಗೆ ಇದು ವರ. ಹುರಿದ ರವೆ, ಒಣಗಿಸಿದ ಈರುಳ್ಳಿ, ಒಗ್ಗರಣೆ, ಉಪ್ಪು, ಟೊಮೆಟೊ ಪುಡಿ ಎಲ್ಲ ಒಂದೇ ಚೀಲದಲ್ಲಿ. ಗುಡಾರದ ಮುಂದೆ ನೀರು ಕುದಿಸಿ ಸುರಿದರೆ ಖಾರಾಬಾತ್.

ಪುಡಿಶಾಸ್ತ್ರಿ · ಬುಧವಾರ ಬೆಳಗ್ಗೆ 11:30

ಚೀಲದ ಖಾರಾಬಾತ್ ಕೇಳಿ ಖುಷಿಯಾಯಿತು. ಸೈನಿಕರಿಗೆ ಇಂಥ ಹಗುರ ಊಟ ರೂಪಿಸುವ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ನಮ್ಮ ಮೈಸೂರಿನಲ್ಲೇ ಇದೆ, 1961ರಿಂದ. ಬೆಟ್ಟ ಹತ್ತುವವರು ನೀರು ಹೊರುವುದು ಯಾಕೆ, ಅದು ಅಲ್ಲೇ ಸಿಗುತ್ತದಲ್ಲ ಎಂಬ ಲೆಕ್ಕ.

ತಿಂಡಿಪೋತಿ · ಗುರುವಾರ ರಾತ್ರಿ 9:05

ವರದಿ ಒಪ್ಪಿಸಲು ಬಂದೆ.

ಸಾರು: ಒಗ್ಗರಣೆ ಡಬ್ಬಿ ಅಕ್ಕ ಹೇಳಿದ ಹಾಗೆ ಹುಣಸೆ, ಒಂದು ಟೀ ಚಮಚ ಪುಡಿ, ಬೆಲ್ಲ ಇಲ್ಲ. ಅತ್ತೆ ಏನೂ ಹೇಳಲಿಲ್ಲ, ಎರಡನೇ ಸಲ ಬಡಿಸಿಕೊಂಡರು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಮೆಚ್ಚುಗೆ ಇಲ್ಲ.

ಚಟ್ನಿಪುಡಿ: ನಿನ್ನೆ ಮಾಡಿದ್ದು ಇವತ್ತು ಖಾಲಿ.

ಟೊಮೆಟೊ ಬಾತ್: ಸೋತೆ. ಬಣ್ಣ ಬಂತು, ಆದರೆ ಬಾಯಿಗೆ ಸಿಗಲು ಏನೂ ಇಲ್ಲ. ಮಸಾಲೆ ಅನ್ನದ ಹಾಗಾಯಿತು.

ಬೇಳೆ: ಅವಸರಕ್ಕೆ ಕುಕ್ಕರಿಗೇ ಬೇಳೆಯ ಜೊತೆ ಪುಡಿಯನ್ನೂ ಹಾಕಿದೆ. ನಾಲ್ಕು ಕೂಗಿಗೂ ಬೇಳೆ ಬೇಯಲಿಲ್ಲ. ಹಳೇ ಬೇಳೆಯಾ, ಪುಡಿಯ ಕೆಲಸವಾ?

ಒಗ್ಗರಣೆ ಡಬ್ಬಿ · ಗುರುವಾರ ರಾತ್ರಿ 9:40

ಪುಡಿಯ ಕೆಲಸ. ಹುಳಿ ಬಿದ್ದ ಬೇಳೆ ಬೇಗ ಬೇಯುವುದಿಲ್ಲ. ಹುಣಸೆಯನ್ನು ಬೇಳೆ ಬೆಂದ ಮೇಲೆ ಹಾಕುತ್ತೀರಲ್ಲ, ಇದಕ್ಕೂ ಅದೇ ನಿಯಮ. ಹಸಿ ಹಣ್ಣಿನಲ್ಲಿ ನೀರು ಇರುವುದರಿಂದ ಅಷ್ಟು ಗೊತ್ತಾಗುವುದಿಲ್ಲ, ಪುಡಿ ಗಟ್ಟಿ ಹುಳಿ.

ಬಾತಿಗೆ ಹಣ್ಣೇ ಬೇಕು. ಎರಡು ಹಣ್ಣಾದರೂ ಹೆಚ್ಚಿ ಹಾಕಿ, ಜೊತೆಗೆ ಅರ್ಧ ಚಮಚ ಪುಡಿ. ಮಳೆಗಾಲದ ಚಪ್ಪೆ ಹಣ್ಣಿಗೆ ಇದು ಜೀವ ಕೊಡುತ್ತದೆ. ಹಣ್ಣಿಗೆ ಬದಲು ಅನ್ನುವುದಕ್ಕಿಂತ ಹಣ್ಣಿಗೆ ಜೊತೆ ಅಂದುಕೊಳ್ಳಿ.

ನೀರು ಬೇಡದ ಕಡೆ ಪುಡಿ ಗೆಲ್ಲುತ್ತದೆ. ಎಣ್ಣೆಗಾಯಿ ಬದನೆಗೆ ತುಂಬುವ ಮಸಾಲೆಯಲ್ಲಿ ಹಸಿ ಟೊಮೆಟೊ ರುಬ್ಬಿ ಹಾಕಿದರೆ ನೀರಾಗಿ ಹೊರಗೆ ಹರಿಯುತ್ತದೆ. ಪುಡಿ ಹಾಕಿ, ಮಸಾಲೆ ಗಟ್ಟಿಯಾಗಿ ಕಾಯಿಯೊಳಗೇ ಕೂರುತ್ತದೆ. ನಿಪ್ಪಟ್ಟಿನ ಹಿಟ್ಟಿಗೂ ಹಾಕಬಹುದು, ಆದರೆ ಎಣ್ಣೆ ತುಂಬಾ ಕಾಯಬಾರದು, ಬೇಗ ಕೆಂಪಾಗುತ್ತದೆ. ಗೊಜ್ಜವಲಕ್ಕಿಗೆ ಹುಣಸೆರಸ, ಬೆಲ್ಲದ ಜೊತೆ ಒಂದು ಚಮಚ. ನಾನು ಇದನ್ನು ಹೆಚ್ಚಾಗಿ ಬಳಸುವುದು ಅಲ್ಲೇ.

ಹಾಲು ಹಾಕಿದ ಸೂಪಿಗೆ ಹಾಕುವಾಗ ಮಾತ್ರ ಹುಷಾರು, ಒಡೆಯುತ್ತದೆ.

ಹುಣಸೆಪಕ್ಷ · ಗುರುವಾರ ರಾತ್ರಿ 10:30

ಮೆಣಸಿನ ಸಾರಿಗೆ ಅರ್ಧ ಟೀ ಚಮಚ ಹಾಕಿ ನೋಡಿದೆ. ಪಕ್ಕದ ಮನೆಯಿಂದ ಕಡ ತಂದಿದ್ದು. ಚೆನ್ನಾಗಿತ್ತು. ಪಕ್ಷ ಬದಲಿಸಿಲ್ಲ, ಅಜ್ಜಿಗೂ ಹೇಳಿಲ್ಲ.

ಮುಳಬಾಗಿಲು ತೋಟ · ಶುಕ್ರವಾರ ಬೆಳಗ್ಗೆ 6:40

ಇಲ್ಲಿ ಯಾರಾದರೂ ಸಣ್ಣದಾಗಿ ಮಾರಲು ಮಾಡುವ ಯೋಚನೆಯಲ್ಲಿದ್ದರೆ, ಸಣ್ಣ ಆಹಾರ ಉದ್ದಿಮೆಗಳಿಗೆ ಪಿಎಂಎಫ್‌ಎಂಇ ಅಂತ ಕೇಂದ್ರದ ಯೋಜನೆ ಬಂದಿತ್ತು. 2020ರಲ್ಲಿ ಶುರುವಾಗಿದ್ದು, ಈಗಲೂ ನಡೆಯುತ್ತಿದೆಯಾ ವಿಚಾರಿಸಿಕೊಳ್ಳಿ. ಘಟಕ ಹಾಕುವ ಅರ್ಹ ವೆಚ್ಚದಲ್ಲಿ ಶೇಕಡಾ 35, ಹೆಚ್ಚೆಂದರೆ 10 ಲಕ್ಷದವರೆಗೆ ಸಹಾಯಧನ. ಜಿಲ್ಲೆಗೊಂದು ಬೆಳೆ ಅಂತ ಅದರಲ್ಲಿ ಆರಿಸಿದ ಪಟ್ಟಿಯಲ್ಲಿ ಕೋಲಾರಕ್ಕೆ ಟೊಮೆಟೊವೇ ಬಂದಿತ್ತು. ಕಾಗದಪತ್ರಕ್ಕೆ ಓಡಾಟ ಇದ್ದೇ ಇದೆ, ಅದನ್ನು ನಾನು ಹೇಳಬೇಕಿಲ್ಲ. ನನಗೆ ಅದಕ್ಕಿಂತ ಕಷ್ಟವಾಗಿದ್ದು ಮಾರುವುದು. ಪುಡಿ ಮಾಡಿದ ವರ್ಷ ಹಣ್ಣಿನ ಬೆಲೆ ಬಿದ್ದಿರುತ್ತದೆ. ಎಲ್ಲರ ಮನೆಯಲ್ಲೂ ಹಣ್ಣಿರುವಾಗ ಪುಡಿ ಯಾರಿಗೆ ಬೇಕು? ಆರು ತಿಂಗಳು ಕಾದು, ಬೆಲೆ ಏರಿದಾಗ ಮಾರಬೇಕು. ಅಷ್ಟು ದಿನ ಅದು ಗಂಟು ಕಟ್ಟದೆ ಇರಬೇಕು, ಬಣ್ಣ ಬಿಡಬಾರದು. ಮೊದಲ ವರ್ಷದ ನನ್ನ ಹನ್ನೆರಡು ಕಿಲೋದಲ್ಲಿ ಐದು ಕಿಲೋ ಕಲ್ಲಾಯಿತು.

ಕಡಲಬದಿ · ಶುಕ್ರವಾರ ಬೆಳಗ್ಗೆ 8:15

ಕಲ್ಲಾಗುವ ವಿಷಯ ಬಂತಲ್ಲ, ನಾನೂ ಕೇಳಬೇಕು. ಈಗ ಅಂಗಡಿಯ ಪುಡಿ ತಂದಿದ್ದೇನೆ. ತೆರೆದು ಒಂದು ವಾರಕ್ಕೆ ಗಟ್ಟಿಯಾಯಿತು. ಬೂಷ್ಟು ಇಲ್ಲ, ವಾಸನೆ ಚೆನ್ನಾಗೇ ಇದೆ. ಎಸೆಯಬೇಕಾ? ಈ ಸಲ ಮಗಳಿಗೆ ತೋರಿಸುವ ಮೊದಲು ಕೇಳುತ್ತಿದ್ದೇನೆ.

ಪುಡಿಶಾಸ್ತ್ರಿ · ಶುಕ್ರವಾರ ಬೆಳಗ್ಗೆ 9:00

ಎಸೆಯಬೇಡಿ. ಹಣ್ಣಿನ ಸಕ್ಕರೆ ಗಾಳಿಯ ತೇವ ಎಳೆದುಕೊಂಡು ಒಂದಕ್ಕೊಂದು ಅಂಟಿದೆ, ಅಷ್ಟೇ. ಬೇಕಾದಷ್ಟು ಮುರಿದು ಬಿಸಿನೀರಲ್ಲಿ ನೆನೆಸಿದರೆ ಕರಗುತ್ತದೆ. ಪುಡಿಯಾಗಿ ಉದುರಿಸಲು ಆಗುವುದಿಲ್ಲ, ಸಾರಿಗೆ ಗೊಜ್ಜಿಗೆ ಧಾರಾಳವಾಗಿ ಆಗುತ್ತದೆ. ಬೇಗ ಮುಗಿಸಿ.

ಮುಂದಿನ ಸಲ ಪುಡಿಯನ್ನು ಸಣ್ಣ ಗಾಜಿನ ಸೀಸೆಗಳಿಗೆ ಹಂಚಿ. ಒಂದನ್ನು ಮಾತ್ರ ಒಲೆಯ ಹತ್ತಿರ ಇಡಿ, ಉಳಿದದ್ದು ಫ್ರಿಜ್ಜಿನಲ್ಲಿ. ಫ್ರಿಜ್ಜಿನಿಂದ ತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ. ತಣ್ಣಗಿನ ಪುಡಿಯ ಮೇಲೆ ಗಾಳಿಯ ನೀರು ಕೂರುತ್ತದೆ. ಒಂದು ಗಂಟೆ ಹೊರಗಿಟ್ಟು ತೆರೆಯಿರಿ. ಕುದಿಯುವ ಪಾತ್ರೆಯ ಮೇಲೆ ಸೀಸೆ ಹಿಡಿದು ಚಮಚದಲ್ಲಿ ತೆಗೆಯುವುದಂತೂ ಬೇಡವೇ ಬೇಡ, ಆ ಹಬೆಯೇ ಸಾಕು.

ಮನೆಯಲ್ಲಿ ಮಾಡಿದ ಪುಡಿಗೆ ಅಂಗಡಿಯವರ 551 ಬದಲು ನಮ್ಮಲ್ಲೇ ಒಂದಿದೆ. ಚೆನ್ನಾಗಿ ಬಿಸಿ ಮಾಡಿ ಆರಿಸಿದ ಹುರಿಗಡಲೆ ಪುಡಿ, ಹತ್ತು ಚಮಚ ಟೊಮೆಟೊ ಪುಡಿಗೆ ಒಂದು ಚಮಚ. ಬೇಗ ಅಂಟುವುದಿಲ್ಲ. ಹುರಿಗಡಲೆ ಸ್ವಲ್ಪ ಮಂದ ಮಾಡುತ್ತದೆ, ಹಾಗಾಗಿ ತಿಳಿಸಾರಿಗೆ ಬೇಡ. ಚಟ್ನಿಪುಡಿ, ಪಲ್ಯ, ಎಣ್ಣೆಗಾಯಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಬೆಳಗಾವಿ ಶೇಂಗಾ · ಶುಕ್ರವಾರ ಬೆಳಗ್ಗೆ 9:20

ಹುರಿಗಡಲೆ ಬದಲು ಶೇಂಗಾ ಪುಡಿ ಹಾಕಬಹುದೇನ್ರೀ?

ಪುಡಿಶಾಸ್ತ್ರಿ · ಶುಕ್ರವಾರ ಬೆಳಗ್ಗೆ 9:22

ಬೇಡ ಅಕ್ಕ, ಎಣ್ಣೆ ಬಿಡುತ್ತದೆ, ತಿಂಗಳಿಗೇ ಕಮಟು ವಾಸನೆ ಬರುತ್ತದೆ.

ಬೆಳಗಾವಿ ಶೇಂಗಾ · ಶುಕ್ರವಾರ ಬೆಳಗ್ಗೆ 9:25

ನಮ್ಮ ಮನೆಯಲ್ಲಿ ತಿಂಗಳು ಉಳಿದರಲ್ಲವಾ!